ಮುಳ್ಳೂರಿನ ಮಾವನ ಲೋಳೆ

ಮುಳ್ಳೂರಿನ ನಮ್ಮ ಸೋದರಮಾವನ ಮನೆಗೆ ಹೋದ ಹೆಂಗಸರು ತಲೆಗೆ ನೀರು ಹಾಕಿಕೊಳ್ಳದೆ ಹಿಂದಿರುಗಿದ್ದನ್ನು ನಾನಂತೂ ಕಂಡಿಲ್ಲ. ನೆಂಟರಾಗಲಿ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯವಳಾಗಲಿ, ಬಳೆ ತೊಡಿಸುವ ಮುದುಕಿಯಾಗಲಿ, ಮಾವ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ತುರುಬನ್ನು! ನೋಡಿ, ನಿಟ್ಟುಸಿರು ಬಿಟ್ಟು, ಯಾರೋ ಸತ್ತ ಸುದ್ದಿ ಹೇಳುವವನ ಹಾಗೆ, "ಸಿಕ್ಕು ಬಾಳ ಅದೆ ಕನವ್ವ" ಅನ್ನುತ್ತಿದ್ದ. ಆಮೇಲೆ ಒಳಗೆ ಹೋಗಿ ಒಂದು ಚೊಂಬಿನ ತುಂಬ ಹಸಿರು ಲೋಳೆ ತಂದು ಅವರ ಮುಂದಿಟ್ಟು, ಬಚ್ಚಲ ಕಡೆ ಕೈ ತೋರಿಸಿ, ತಾನು ಜಗಲಿಯ ಮೇಲೆ ಹೋಗಿ ಕೂರುತ್ತಿದ್ದ. ಅವರು ಕೂದಲು ಒರೆಸಿಕೊಂಡು ಈಚೆ ಬರುವುದೇ ತಡ, ಕೇಳುತ್ತಿದ್ದುದು ಒಂದೇ ಮಾತು: "ಬುಡ್ತಾ? ತಾನಾಗೇ ಬುಡ್ತಾ?"

ಇಷ್ಟೆಲ್ಲ ಕಾಳಜಿ ಮಾಡುವವನ ತಲೆ ಹೇಗಿತ್ತು ಅಂತೀರಿ? ಬೋಳು! ಮೀಸೆ ಬಂದ ಕೆಲವೇ ವರ್ಷಗಳಲ್ಲಿ ಅವನ ತಲೆಯ ಕೂದಲು ಒಂದೊಂದಾಗಿ ಅವನನ್ನು ಬಿಟ್ಟುಹೋಗಿತ್ತು. ಬಿಸಿಲಿಗೆ ಫಳಫಳ ಹೊಳೆಯುವ ಆ ತಲೆ ಹೊತ್ತುಕೊಂಡು ಕಂಡಕಂಡವರ ಹೆರಳಿನ ಚಿಂತೆ ಮಾಡುತ್ತಿದ್ದ ಮನುಷ್ಯನನ್ನು ಊರು ಸುಮ್ಮನೆ ಬಿಟ್ಟೀತೆ? 'ಲೋಳಪ್ಪ' ಅಂತ ಹೆಸರಿಟ್ಟಿತ್ತು. ಕೊಳ್ಳೇಗಾಲದಲ್ಲಿದ್ದ ನಮ್ಮ ಮನೆಯ ತನಕ ಆ ಹೆಸರು ನಡೆದು ಬಂದಿತ್ತು. "ನಿಮ್ಮಣ್ಣ ಲೋಳಪ್ಪ ಸೌಖ್ಯವಾ?" ಅಂತ ಯಾರಾದರೂ ಕೇಳಿದರೆ ನಮ್ಮಮ್ಮ ಎರಡು ದಿನ ಸರಿಯಾಗಿ ಊಟ ಮಾಡುತ್ತಿರಲಿಲ್ಲ.

ಲೋಳೆಯೆಂದರೆ ಸುಮ್ಮನೆ ಲೋಳೆಯಲ್ಲ, ಅದೊಂದು ವ್ರತ. ದಾಸವಾಳದ ಎಲೆಯನ್ನು ಬಿಸಿಲೇರುವ ಮೊದಲೇ ಕುಯ್ಯಬೇಕು. ರಾತ್ರಿ ನೆನೆಹಾಕಿದ ಮೆಂತ್ಯವನ್ನು ರುಬ್ಬಬೇಕು. ಲೋಳೆಸರದ ಪಟ್ಟೆ ಸೀಳಿ ತಿರುಳು ಕೆರೆಯಬೇಕು. ಸೀಗೆಕಾಯಿ ಕಾಡಂಚಿನ ಹೂಗ್ಯದಿಂದಲೇ ಬರಬೇಕು, ಸಂತೆಯದು ಆಗದು. ನಾವು ತಲೆಗೆ ತಿಕ್ಕುವ ಚಿಗರೆ ಪುಡಿಯನ್ನು ಮಾರ್ಟಳ್ಳಿ ಕಡೆಯ ತಮಿಳರು ಅರಪ್ಪು ಅನ್ನುತ್ತಾರೆ. ಎರಡೂ ಒಂದೇ ಮರದ ಎಲೆ. ಆದರೂ ಮಾವ ಗಾಡಿ ಕಟ್ಟಿಕೊಂಡು ಅಲ್ಲಿಗೇ ಹೋಗಿ ತರುತ್ತಿದ್ದ. ಎಲ್ಲವನ್ನೂ ಕಿವುಚಿ, ಹಳೆಯ ಪಂಚೆಯಲ್ಲಿ ಸೋಸಿ, ಬೆರಳಿನಿಂದ ಎತ್ತಿ ನೋಡುತ್ತಿದ್ದ. ಕೊಳ್ಳೇಗಾಲದ ರೇಷ್ಮೆ ಎಳೆಯ ಹಾಗೆ ಸಣ್ಣಗೆ, ಕಡಿಯದೆ ಇಳಿಯಬೇಕು. ನಡುವೆ ಕಡಿಯಿತೋ, ಅಷ್ಟನ್ನೂ ಬಾಳೆಯ ಬುಡಕ್ಕೆ ಸುರಿದು ಮತ್ತೆ ಮೊದಲಿನಿಂದ ಶುರು. ನಮ್ಮ ಸೀಮೆಯಲ್ಲಿ ಅಷ್ಟು ನುಣ್ಣಗಿನ ಬಾಳೆ ಇನ್ನೆಲ್ಲಿಯೂ ಬೆಳೆಯಲಿಲ್ಲ ಅಂತ ನನ್ನ ನಂಬಿಕೆ!

ಪರೀಕ್ಷೆ ಮೊದಲು ಎತ್ತಿನ ಬಾಲದ ಮೇಲೆ. ಮಾವನ ಎತ್ತುಗಳ ಬಾಲದ ಕುಚ್ಚು ಮದುವಣಗಿತ್ತಿಯ ಹೆರಳಿನಂತಿತ್ತು. ನೋಡುವುದಕ್ಕೇನೋ ಚೆನ್ನ. ಆದರೆ ಗಾಡಿ ಹೊಡೆಯುವವನು ಬಾಲ ಮುರಿಯದೆ ಎತ್ತು ತಿರುಗೀತೆ? ಒಮ್ಮೆ ನಮ್ಮಪ್ಪ ಆ ಗಾಡಿ ಹೊಡೆದುಕೊಂಡು ಕೊಳ್ಳೇಗಾಲಕ್ಕೆ ಬರುವಾಗ ಮುಳ್ಳೂರು ದಾಟುವ ತಿರುವಿನಲ್ಲೇ ಬಾಲಕ್ಕೆ ಕೈ ಹಾಕಿದರು. ಬಾಲ ಸರ್ರನೆ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಎತ್ತುಗಳು ತಿರುಗದೆ ನೇರವಾಗಿ ಕೆಸರುಗದ್ದೆಗೆ ಇಳಿದು, ಗಾಡಿ ಮಗುಚಿ, ನಮ್ಮಪ್ಪ ಸೊಂಟದ ತನಕ ಕೆಸರಲ್ಲಿ ನಿಂತು ಕೂಗಿದರು. ಮಾವ ಓಡಿಬಂದು ಏನು ಕೇಳಿದ ಗೊತ್ತೇ? "ಭಾವ, ಪೂರಾ ಜಾರ್ತಾ, ಇಲ್ಲಾ ವಸಿ ಹಿಡೀತಾ?"

ನಕ್ಕುಬಿಟ್ಟಿರಾ? ನಾವೂ ನಗುತ್ತಿದ್ದೆವು. ಆದರೆ ನಗುತ್ತ ನಗುತ್ತ ನಡುಮನೆಯ ಕಡೆ ನೋಡಿದರೆ ನಗು ಅಲ್ಲೇ ನಿಂತುಹೋಗುತ್ತಿತ್ತು. ಅಲ್ಲಿ ಕಂಬಕ್ಕೆ ಒರಗಿಕೊಂಡು ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಕೂತಿರುತ್ತಿದ್ದಳು.

ಅತ್ತೆ ಮದುವೆಯಾಗಿ ಬಂದಾಗ ಅವಳ ಹೆರಳು ಮೊಣಕಾಲು ಮುಟ್ಟುತ್ತಿತ್ತಂತೆ. ಹಸೆಯ ಮೇಲೆ ಮಾವ ಹೆಣ್ಣಿನ ಮುಖ ನೋಡಲಿಲ್ಲ, ಹೆರಳು ನೋಡುತ್ತ ಬಾಯಿ ಬಿಟ್ಟುಕೊಂಡು ಕೂತಿದ್ದ ಅಂತ ನಮ್ಮಮ್ಮ ಹೇಳಿ ನಗುತ್ತಿದ್ದಳು. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ. ಅತ್ತೆಗೆ ಬಾಣಂತಿ ಜ್ವರ ಹಿಡಿಯಿತು. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಬದುಕಿದರೆ ಸಾಕು ಅನ್ನುವಾಗ ಕೂದಲು ಬಾಚುವವರು ಯಾರು? ಎದ್ದು ಕೂರುವ ಹೊತ್ತಿಗೆ ಆ ಮೊಣಕಾಲುದ್ದದ ಕೂದಲು ಬೆವರು, ಎಣ್ಣೆ, ಧೂಳು ಎಲ್ಲ ಸೇರಿ ಹಗ್ಗದ ಹಾಗೆ ಗಂಟುಗಟ್ಟಿತ್ತು. ಮಾವನ ತಾಯಿ, ನಮ್ಮ ಅಜ್ಜಿ, ಅದನ್ನು ಮುಟ್ಟಿ ನೋಡಿದಳು, ಕಣ್ಣಿಗೊತ್ತಿಕೊಂಡಳು.

"ಇದು ಸಿಕ್ಕಲ್ಲ ಕಣ್ಲಾ. ಮಾದಪ್ಪನ ಜಡೆ. ಒಲಿದು ಬಂದು ಕುಂತವ್ನೆ. ಕತ್ತರಿ ತಾಕುಸ್ಬೇಡ, ಹಣಿಗೆ ಇಕ್ಕಬೇಡ. ಕೈಯಾರೆ ಬುಡಿಸಿದೋರ ಕಣ್ಣು ಓಯ್ತವೆ. ತಾನಾಗೇ ಬುಟ್ರೆ ಮಾದಪ್ಪ ಬುಟ್ಟಂಗೆ."

ನಮ್ಮ ಕಡೆ ಹೀಗೆ ಕೂದಲು ಜಡೆಗಟ್ಟಿದರೆ ಬೆಟ್ಟದ ಮಾದಪ್ಪನೇ ಬಂದು ಕೂತ ಅಂತ ಲೆಕ್ಕ. ಅದನ್ನು ಮುಟ್ಟುವ ಎದೆ ಯಾರಿಗಿದೆ? ಸೋಮವಾರ ಸೋಮವಾರ ಹೆಂಗಸರು ತೆಂಗಿನಕಾಯಿ ತಂದು ಅತ್ತೆಯ ಮುಂದೆ ಇಟ್ಟು, ಅಡ್ಡಬಿದ್ದು, ಮಕ್ಕಳಿಗೆ ವಿಭೂತಿ ಹಚ್ಚಿಸಿಕೊಂಡು ಹೋಗುತ್ತಿದ್ದರು. ತವರಿನಿಂದ ಬಂದ ಅವಳ ಓರಗೆಯ ಗೆಳತಿಯರೂ ಅಡ್ಡಬೀಳುತ್ತಿದ್ದರು. ಕುಂಟೆಬಿಲ್ಲೆ ಆಡಿ ಜೊತೆಯಲ್ಲಿ ಬೆಳೆದವಳು ಕಾಲಿಗೆ ಬಿದ್ದು ಹೋದರೆ, ಆಮೇಲೆ ಯಾರ ಹತ್ತಿರ ಹರಟೆ ಹೊಡೆಯುವುದು? ಅತ್ತೆಗೆ ನೀರಿನ ಕೊಡ ಹೊರಲು ಆಗುತ್ತಿರಲಿಲ್ಲ, ಅಂಗಾತ ಮಲಗಲು ಆಗುತ್ತಿರಲಿಲ್ಲ. ಒಂದು ದಿನ ನಾನು ಹತ್ತಿರ ಕೂತಿದ್ದಾಗ ಮೆಲ್ಲಗೆ ಹೇಳಿದಳು: "ತಲೆ ಕಡೀತದೆ ಕಣ್ ಕೂಸು. ಕೆರಕಳಾನ ಅಂದ್ರೆ ಬುಡಕ್ಕೆ ಬೆರಳೇ ಓಗಲ್ಲ. ಒಂದ್ಸಲ, ಒಂದೇ ಒಂದ್ಸಲ ತಲೆ ಕೆರಕಂಡ್ರೆ ಸಾಕು ನಂಗೆ."

ದೇವರಾಗಿ ಕೂತವಳಿಗೆ ಬೇಕಾಗಿದ್ದುದು ಇಷ್ಟು.

ಈಗ ತಿಳಿಯಿತಲ್ಲ, ಮಾವನ ಲೋಳೆ ಯಾಕೆ ಅಂತ? ಮಾವ ನಾಸ್ತಿಕನಲ್ಲ. ಮಾದಪ್ಪನಿಗೆ ಅವನಷ್ಟು ಹೆದರುವವನು ಇನ್ನೊಬ್ಬನಿರಲಿಲ್ಲ. ಆದರೆ ಅಜ್ಜಿಯ ಕಟ್ಟಳೆಯಲ್ಲಿ ಒಂದು ಸಂದು ಬಿಟ್ಟಿತ್ತು, ತಾನಾಗೇ ಬಿಟ್ಟರೆ ತಪ್ಪಿಲ್ಲ! ಕೈ ಮುಟ್ಟದೆ, ಬಾಚಣಿಗೆ ಇಡದೆ, ಬರೀ ಸವರಿ ನೀರು ಹೊಯ್ದರೆ ತಾನಾಗೇ ಜಾರಿ ಬಿಟ್ಟುಕೊಳ್ಳುವಂಥ ಲೋಳೆಯೊಂದು ಲೋಕದಲ್ಲಿ ಎಲ್ಲಾದರೂ ಇದ್ದೇ ಇರಬೇಕು ಅಂತ ಆ ಬೋಳುತಲೆಗೆ ಹೊಳೆದಿತ್ತು. ಅದಕ್ಕೇ ಊರ ಹೆಂಗಸರು, ಅದಕ್ಕೇ ಎತ್ತಿನ ಬಾಲ, ಅದಕ್ಕೇ ಆ ಪ್ರಶ್ನೆ. ವಾರಕ್ಕೊಮ್ಮೆ ಅತ್ತೆಯ ತಲೆಗೆ ಹೊಸ ಲೋಳೆ ಸುರಿಸುತ್ತಿದ್ದ. ಹೊರಗೆ ನಿಂತು ಕೇಳುತ್ತಿದ್ದ. ಒಳಗಿನಿಂದ ಅತ್ತೆ, "ಇಲ್ಲ ಬುಡಿ" ಅನ್ನುತ್ತಿದ್ದಳು. ಮಾವ ಆ ದಿನ ಹಿತ್ತಲಲ್ಲಿ ಒಬ್ಬನೇ ಕೂತು ಬೆಂಡೆಕಾಯಿಯನ್ನು ದುರುಗುಟ್ಟಿಕೊಂಡು ನೋಡುತ್ತಿದ್ದ. ಮಾರನೆಯ ದಿನ ಲೋಳೆಗೆ ಬೆಂಡೆಕಾಯಿ ಸೇರುತ್ತಿತ್ತು.

ಬೆಂಡೆಕಾಯಿ ಸೇರಿದ ಮೇಲೆ ಆದ ಅನಾಹುತ ಕೇಳಿ. ಹನೂರಿನಿಂದ ಬೀಗರೊಬ್ಬರು ಬಂದಿದ್ದರು, ಅಜ್ಜಿಯ ತಂಗಿಯ ಕಡೆಯವರು. ಬಲು ಗತ್ತಿನ ಆಸಾಮಿ. ಅಜ್ಜಿ ಬಿಸಿ ಮುದ್ದೆ ಇಟ್ಟು, ಸಾರು ತರಲು ಒಳಗೆ ಹೋದಳು. ಅಷ್ಟರಲ್ಲಿ ಅವರಿಗೆ ತಡೆಯಲಿಲ್ಲ. ಪಕ್ಕದಲ್ಲೇ ಮಾವ ಮುಚ್ಚಿಟ್ಟಿದ್ದ ಪಾತ್ರೆಯಿಂದ ತಾವೇ ಬಡಿಸಿಕೊಂಡು, ಮುದ್ದೆ ಮುರಿದು ಅದ್ದಿ ಗುಳುಂ ಗುಳುಂ ನುಂಗಿಬಿಟ್ಟರು! ಅಜ್ಜಿ ಬಂದು ನೋಡಿ ತಲೆ ಚಚ್ಚಿಕೊಂಡಳು. ಅವರು ಮೀಸೆ ಒರೆಸಿಕೊಂಡು, "ಸೊಪ್ಪಿನ ಸಾರು ಚಂದಾಗದೆ ಕಣಕ್ಕ, ಉಪ್ಪೊಂದು ಕಮ್ಮಿ. ನುಂಗೋದೇ ಗೊತ್ತಾಗ್ನಿಲ್ಲ" ಅಂದರು. ಮಾವ ಬಾಗಿಲ ಮರೆಯಲ್ಲಿ ನಿಂತು ಆನಂದದಿಂದ ನನ್ನ ಕಿವಿಯಲ್ಲಿ, "ನೋಡ್ದಾ ಕೂಸು, ಮುದ್ದೆ ತಾನಾಗೇ ಇಳೀತು!" ಅಂದ. ಬೀಗರಿಗೆ ಆಮೇಲೆ ಏನಾಯಿತು ಅಂತ ಮಾತ್ರ ಕೇಳಬೇಡಿ. ಅವರು ಇನ್ನೊಮ್ಮೆ ಮುಳ್ಳೂರಿಗೆ ಬರಲಿಲ್ಲ.

ಅಜ್ಜಿಗೂ ಬಿಡುಗಡೆ ಇರಲಿಲ್ಲ. ಅವಳ ನರೆತ ಕೂದಲಿಗೆ ಮಾವ ತಾನೇ ಲೋಳೆ ಹಚ್ಚುತ್ತಿದ್ದ. "ಬಿಳೇ ಕೂದ್ಲು ಕಣ್ಣು ಮುಚ್ಕಂಡು ಮುಟ್ಟಿದ್ರೂ ಗೊತ್ತಾಯ್ತದೆ ಕೂಸು. ಒರಟು ಅದು, ಮಾತು ಕೇಳಲ್ಲ. ಕರೀ ಕೂದ್ಲಿಗೆ ಒಂದು ಪಾಲಾದ್ರೆ ಇದಕ್ಕೆ ಎಲ್ಡು ಪಾಲು ಆಕ್ಬೇಕು" ಅಂತ ನನಗೆ ಪಾಠ ಹೇಳುತ್ತಿದ್ದ.

"ಮಾತು ಕೇಳ್ದೆ ಇರೋದು ನೀನು ಕಣ್ಲಾ, ನನ್ ಕೂದ್ಲಲ್ಲ" ಅನ್ನುತ್ತಿದ್ದಳು ಅಜ್ಜಿ. ಮಗ ಏನು ಮಾಡುತ್ತಿದ್ದಾನೆ ಅಂತ ಅವಳಿಗೂ ಗೊತ್ತಿತ್ತು. ತಡೆಯಲಿಲ್ಲ. ಕಟ್ಟಳೆಯನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಅವಳಿಗೆ ನಿಜವಾಗಿಯೂ ಭಯವಿತ್ತು; ಒಬ್ಬನೇ ಮಗ, ಅವನ ಕಣ್ಣು.

ನನ್ನ ಮದುವೆ ಯಳಂದೂರಿಗೆ ಆಯಿತು. ಈಗಿನವರಿಗೆ ಇದರಲ್ಲೇನಿದೆ ವಿಶೇಷ ಅನ್ನಿಸಬಹುದು. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಯುದ್ಧದ ಕಾಲ, ರೇಷನ್ನು. ಗಡಿಯಲ್ಲಿ ಕಾವಲಿನವರು ಗಾಡಿ ನಿಲ್ಲಿಸಿ ಅಕ್ಕಿ ರಾಗಿ ಹುಡುಕುತ್ತಿದ್ದರು. ನನ್ನನ್ನು ಗಂಡನ ಮನೆಗೆ ಬಿಡಲು ಬಂದ ಮಾವ ಬಳುವಳಿಯೆಂದು ಏನು ತಂದಿದ್ದ? ಒಂದು ಗುಡಾಣದ ತುಂಬ ಲೋಳೆ!

"ಏನ್ರೀ ಇದು?" ಅಂದ ಕಾವಲಿನವನು.

"ಲೋಳೆ ಸಾ."

"ಅಕ್ಕಿ ಎಲ್ಲಿಟ್ಟಿದೀಯ ಹೇಳು. ಇದರ ತಳದಲ್ಲಿದೆಯಾ?"

"ಕೈ ಆಕಿ ನೋಡ್ಕಳಿ ಸಾ. ಆದ್ರೆ ಕಲಕ್ಬೇಡಿ, ಎಳೆ ಕಡೀತದೆ."

ಅವನು ಮೊಣಕೈ ತನಕ ತೋಳು ಇಳಿಸಿ ತಡಕಾಡಿದ. ಏನೂ ಸಿಗಲಿಲ್ಲ. ಕೈ ಈಚೆ ತೆಗೆದು ದೊಣ್ಣೆ ಹಿಡಿಯಹೋದ, ದೊಣ್ಣೆ ಜಾರಿ ಬಿತ್ತು. ಬಗ್ಗಿ ಎತ್ತಿದ, ಮತ್ತೆ ಬಿತ್ತು. ಗಾಡಿಯಲ್ಲಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಗಂಡನ ಮನೆಗೆ ಹೋಗುವ ಹೆಣ್ಣು ಅಳಬೇಕು ತಾನೆ? ನೋಡಿದವರು ಅಳುತ್ತಿದ್ದಾಳೆ ಅಂದುಕೊಂಡರು. ಮಾವ ಮಾತ್ರ ಗಂಭೀರವಾಗಿ, "ಮನೇಲಿ ಹೆಣ್ಮಕ್ಳವಾ ಸಾ? ಸಿಕ್ಕು ಅದಾ?" ಅಂತ ಕೇಳಿದ. ಬೈಯಲು ಬಾಯಿ ತೆರೆದ ಕಾವಲಿನವನು ಯಾಕೋ ತಡೆದು, "ಮಗಳಿದಾಳೆ. ತಾಯಿ ಇಲ್ಲ. ಬಾಚೋಕೆ ಹೋದರೆ ಕಿರುಚ್ತಾಳೆ" ಅಂದ. ಮಾವ ಅವನ ಊಟದ ಡಬ್ಬಿ ಈಸಿಕೊಂಡು ಲೋಳೆ ತುಂಬಿಕೊಟ್ಟ. ನಮ್ಮ ಗಾಡಿ ಮುಂದೆ ಹೋಯಿತು. ಅಕ್ಕಿ ಮೂಟೆ ನನ್ನ ಕಾಲ ಕೆಳಗೇ ಇತ್ತು ಅನ್ನುವುದು ಬೇರೆ ಮಾತು.

ಅಜ್ಜಿ ತೀರಿಕೊಂಡ ಮರುವರ್ಷ ನಾನು ಬಾಣಂತನ ಮುಗಿಸಿಕೊಂಡು ಮಗುವಿನ ಜೊತೆ ಮುಳ್ಳೂರಿಗೆ ಹೋಗಿದ್ದೆ. ಅತ್ತೆ ಮಗುವನ್ನು ಎತ್ತಿಕೊಳ್ಳಲು ಬಗ್ಗಿದಳು. ಜಡೆಯ ಭಾರಕ್ಕೆ ಕುತ್ತಿಗೆ ಉಳುಕಿ ಅಲ್ಲೇ ಕುಸಿದು ಕೂತಳು. ಮಗು ಹೆದರಿ ಕಿರುಚಿತು. ಅತ್ತೆ ಅಳಲಿಲ್ಲ. ಒಳಗಿಂದ ಲೋಳೆಯ ಪಾತ್ರೆ ತಂದಿದ್ದ ಮಾವನನ್ನು ನೋಡಿ ಹೇಳಿದಳು:

"ತಾನಾಗೇ ಬುಡಲ್ಲ ಇದು. ನಿಮಗೂ ಗೊತ್ತು. ನೀವು ಬುಡಿಸ್ರಿ, ಇಲ್ದಿದ್ರೆ ಕತ್ತರಿ ತಕಂಡು ನಾನೇ ಕುಯ್ದಾಕ್ಬುಡ್ತೀನಿ."

"ಕತ್ತರಿ ಬ್ಯಾಡ ಕಣಮ್ಮಿ!" ಅಂದ ಮಾವ.

"ಬುಡಿಸಿದ್ರೆ ನಿಮ್ ಕಣ್ಣು ಓಯ್ತವಂತಲ್ಲ" ಅಂದಳು ಅತ್ತೆ.

ಮಾವ ಪಾತ್ರೆ ಕೆಳಗಿಟ್ಟ. ಹಿತ್ತಲು ನೋಡಿದ, ದಾಸವಾಳದ ಗಿಡ ನೋಡಿದ, ನನ್ನನ್ನು ನೋಡಿದ, ಅತ್ತೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದ. ಬೇಕಾದ್ದನ್ನೆಲ್ಲ ಈಗಲೇ ನೋಡಿಟ್ಟುಕೊಳ್ಳುವವನ ಹಾಗೆ. ಆಮೇಲೆ ಪಂಚೆ ಎತ್ತಿ ಕಟ್ಟಿ, ಅವಳ ಹಿಂದೆ ಕೂತು, "ಓದ್ರೆ ಓಯ್ತವೆ. ನನ್ ಕಣ್ಣು ತಾನೆ" ಅಂದ.

ವಾರಗಟ್ಟಲೆ ನಡೆಯಿತು ಆ ಕೆಲಸ. ಲೋಳೆ ಸುರಿಯುವುದು, ನೆನೆಯಲು ಬಿಡುವುದು, ಬೆರಳಿನಿಂದ ಒಂದೊಂದೇ ಎಳೆ ಬಿಡಿಸುವುದು. ಬೆರಳು ಹೋಗದ ಕಡೆ ಮೂಟೆ ಹೊಲಿಯುವ ದಬ್ಬಳ. ಊರವರು ಬೇಲಿಯಾಚೆ ನಿಂತು ನೋಡಿದರು, ಕೆನ್ನೆ ಬಡಿದುಕೊಂಡರು. ಸೋಮವಾರದ ತೆಂಗಿನಕಾಯಿ ನಿಂತುಹೋಯಿತು. ಕಾಯಿ ನಿಂತದ್ದಕ್ಕೆ ಮಾವನಿಗೇನೂ ಬೇಜಾರಿರಲಿಲ್ಲ. ಕಾಯಿಹಾಲು ಲೋಳೆಗೆ ಒಳ್ಳೆಯದಿತ್ತಲ್ಲ ಅನ್ನುವುದೊಂದೇ ಕೊರಗು! ಅರ್ಧ ಕೂದಲು ಕೈಗೇ ಕಿತ್ತು ಬಂತು. ಉಳಿದದ್ದು ಹೆಗಲ ತನಕ ಬಂದು ನಿಂತಿತು. ಕೊನೆಯ ಗಂಟು ಬಿಟ್ಟ ದಿನ ಅತ್ತೆ ಏನು ಮಾಡಿದಳು ಅಂತೀರಿ? ದೇವರಿಗೆ ಕೈ ಮುಗಿಯಲಿಲ್ಲ, ಕನ್ನಡಿ ಕೇಳಲಿಲ್ಲ. ಎರಡೂ ಕೈಯ ಬೆರಳನ್ನು ಕೂದಲೊಳಗೆ ತೂರಿಸಿ ತಲೆ ಕೆರೆದುಕೊಂಡಳು. ಕಣ್ಣು ಮುಚ್ಚಿಕೊಂಡು, ಬಾಯಿ ಸೊಟ್ಟ ಮಾಡಿಕೊಂಡು, ಕರಕರ ಅಂತ ಕೆರೆದುಕೊಂಡಳು. ಕೆರೆದುಕೊಳ್ಳುತ್ತಲೇ ಅತ್ತಳು. ನಾನೂ ಅತ್ತುಬಿಟ್ಟೆ.

ಮಾರನೆಯ ಬೆಳಗಿನಿಂದ ಮಾವ ಕಣ್ಣು ಹೋಗುವುದಕ್ಕಾಗಿ ಕಾಯತೊಡಗಿದ. ಎದ್ದ ಕೂಡಲೇ ಕೊಟ್ಟಿಗೆಗೆ ಹೋಗಿ ಎತ್ತು ನೋಡಿ, "ಇವತ್ತೂ ಕಾಣ್ತವೆ" ಅನ್ನುತ್ತಿದ್ದ. ದಿನವೂ ಅದೇ ಮಾತು. ಕಂಡದ್ದಕ್ಕೆ ಸಂತೋಷವೋ, ಶಿಕ್ಷೆ ಇನ್ನೂ ಬರಲಿಲ್ಲವಲ್ಲ ಅನ್ನುವ ದಿಗಿಲೋ, ಹೇಳುವುದು ಕಷ್ಟವಿತ್ತು. ಸಂತೆಗೆ ಹೋದಾಗಲೆಲ್ಲ ದಾರಿಯನ್ನು ಹೆಜ್ಜೆಯಿಂದಲೇ ಕಲಿತಿಟ್ಟುಕೊಂಡ. ಹಿತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಲೋಳೆ ಸೋಸುವುದನ್ನು ಅಭ್ಯಾಸ ಮಾಡುತ್ತಿದ್ದ. ಅತ್ತೆ ಬೈಯುತ್ತಿದ್ದಳು. ಅವಳ ಬೈಗುಳ ಕೇಳುವುದೇ ಒಂದು ಹಿತ; ದೇವರಾಗಿದ್ದಷ್ಟು ಕಾಲ ಅವಳು ಯಾರನ್ನೂ ಬೈದಿರಲಿಲ್ಲ.

ವರ್ಷಗಳು ಕಳೆದವು. ಕಣ್ಣು ಹೋಗಲಿಲ್ಲ. ನಾವೆಲ್ಲ ಮರೆತೇಬಿಟ್ಟೆವು. ಆಮೇಲೆ ಎಲ್ಲ ಮುದುಕರಿಗೂ ಬರುವ ಹಾಗೆ ಮಾವನ ಕಣ್ಣಿಗೂ ಪೊರೆ ಬಂತು. ಮೊದಲು ಎತ್ತಿನ ಕೊಂಬು ಮಸುಕಾಯಿತು, ಆಮೇಲೆ ಎತ್ತೇ ಮಸುಕಾಯಿತು. ನನ್ನ ಯಜಮಾನರು ಮುಳ್ಳೂರಿಗೆ ಹೋಗಿ, "ಇದು ಪೊರೆ ಮಾವ. ಮೈಸೂರಿನ ಆಸ್ಪತ್ರೆಯಲ್ಲಿ ತೆಗೀತಾರೆ. ಮತ್ತೆ ಕಾಣುತ್ತೆ" ಅಂತ ಬಿಡಿಸಿ ಹೇಳಿದರು. ಮಾವ ಎಲ್ಲ ಕೇಳಿ, ನಗುಮುಖದಿಂದ ತಲೆಯಾಡಿಸಿ, "ಬ್ಯಾಡಿ" ಅಂದ.

ಯಾಕೆ ಅಂದರೆ ಹೇಳಲಿಲ್ಲ. ನಾನೇ ಹೋಗಿ ಜಗಳ ತೆಗೆದಾಗ ಬಾಯಿ ಬಿಟ್ಟ.

"ಮಾದಪ್ಪ ತಡವಾಗಿ ತಕಂಡವ್ನೆ ಕೂಸು. ಇಷ್ಟು ದಿನ ಸುಮ್ನಿದ್ದದ್ದೇ ಅವನ ದೊಡ್ಡತನ. ಈಗ ಕಣ್ಣು ವಾಪಸ್ ಈಸ್ಕಂಡ್ರೆ, ಅವ್ನು ಇವಳ ಮೇಲೆ ತಿರುಗಿ ಬಂದು ಕುಂತ್ರೆ? ಆ ಜಡೆ ಮತ್ತೆ ಬಿದ್ರೆ? ಬ್ಯಾಡ. ಕೊಟ್ಟದ್ದು ಕೊಟ್ಟಾಯ್ತು."

ಒಳಗಿದ್ದ ಅತ್ತೆ ಈಚೆ ಬಂದಳು. "ಅಂಗಾದ್ರೆ ನಾನು ಮಾದಪ್ಪನ ಬೆಟ್ಟಕ್ಕೆ ಓಗಿ ಮುಡಿ ಕೊಟ್ಬುಡ್ತೀನಿ. ತಲೆ ಬೋಳಾದ್ರೆ ಜಡೆ ಎಲ್ಲಿಂದ ಬಿದ್ದದು? ನೀವು ಕಣ್ ಮಾಡುಸ್ಕಳಿ."

ಅಷ್ಟು ಸಾಧು ಮನುಷ್ಯ ಅವತ್ತು ಕೂಗಾಡಿಬಿಟ್ಟ! "ಇಷ್ಟು ವರ್ಷ ನಾನು ಲೋಳೆ ಅರೆದದ್ದು ಬೋಳಿಸ್ಕಳಾಕಾ? ಮನೇಗೆ ಒಂದು ಬೋಳು ತಲೆ ಸಾಕು!"

ಅಲ್ಲಿಗೆ ಮೈಸೂರಿನ ಮಾತು ಮುಗಿಯಿತು. ಎಷ್ಟು ಕಾಡಿದರೂ ಅವನು ಮತ್ತೆ ಅದಕ್ಕೆ ಕಿವಿಗೊಡಲಿಲ್ಲ. ನನಗೆ ಅವನ ಮೇಲೆ ಕೋಪ ಬಂತು, ಈಗಲೂ ಇದೆ. ಬೆಳಕಿರಬೇಕಾದ ಕಣ್ಣನ್ನು ಯಾವುದೋ ಮಾತಿಗೆ ಕಟ್ಟುಬಿದ್ದು ಹಾಗೆ ನಂದಿಸಿಕೊಳ್ಳುತ್ತಾರೆಯೇ? ಆದರೆ ಆ ಕೋಪ ಎತ್ತಿಕೊಂಡು ಮುಳ್ಳೂರಿಗೆ ಹೋದಾಗಲೆಲ್ಲ ಅದನ್ನು ಇಳಿಸಲು ಜಾಗ ಸಿಗದೆ ಹಾಗೇ ವಾಪಸು ತಂದಿದ್ದೇನೆ.

ಕಳೆದ ಸಲ ಹೋದಾಗ ಮಾವನಿಗೆ ಕತ್ತಲೆ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಿತ್ತಲಲ್ಲಿ ಅತ್ತೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಾವ ಹಿಂದೆ ಕೂತು ಅವಳ ಕೂದಲಿಗೆ ಲೋಳೆ ಹಚ್ಚುತ್ತಿದ್ದ. ಕೂದಲು ಮತ್ತೆ ಸೊಂಟದ ಹತ್ತಿರಕ್ಕೆ ಬೆಳೆದಿತ್ತು. ಆದರೆ ಎಲ್ಲ ಬೆಳ್ಳಗಾಗಿಬಿಟ್ಟಿತ್ತು, ಒಂದು ಕರಿ ಎಳೆ ಹುಡುಕಿದರೂ ಸಿಗದಷ್ಟು. ಮಾವನ ಬೆರಳು ಮೆಲ್ಲಗೆ ಬುಡದಿಂದ ತುದಿಗೆ ಇಳಿಯುತ್ತಿತ್ತು. "ಇಲ್ಲಿ... ಇನ್ನೊಸಿ ಮ್ಯಾಕೆ" ಅನ್ನುತ್ತಿದ್ದಳು ಅತ್ತೆ, ಅವನು ಅಲ್ಲಿ ಕೆರೆಯುತ್ತಿದ್ದ.

ನನ್ನ ದನಿ ಕೇಳಿ ಮಾವ ತಲೆಯೆತ್ತಿದ.

"ಕೂಸು, ನೀನಾದ್ರೂ ನಿಜ ಏಳು. ನಿಮ್ಮತ್ತೆ ಕೂದ್ಲು ಕರ್ರಗೇ ಅದಾ?"

ಅತ್ತೆ ಗಾಬರಿಯಿಂದ ನನ್ನ ಕಡೆ ತಿರುಗಿ, ಬೇಡ ಬೇಡ ಅಂತ ಕೈಯಾಡಿಸಿದಳು.

"ಕರ್ರಗೇ ಅದೆ ಮಾವ. ಮದುವೆಲಿ ಇದ್ದಂಗೇ ಅದೆ" ಅಂದೆ.

"ಊಂ. ಅಂಗೇ ಏಳ್ತಾಳೆ ಇವಳೂವೆ" ಅಂದ ಮಾವ. ಮುಖದ ತುಂಬ ತೃಪ್ತಿ. ಮತ್ತೆ ಬೆರಳಾಡಿಸತೊಡಗಿದ. ಅತ್ತೆ ನಿರಾಳವಾಗಿ ಮುಂದಕ್ಕೆ ತಿರುಗಿ ಕೂತಳು. ಆಗ ಮಾವ ಅವಳ ಕಿವಿಗೆ ಬೀಳದ ಹಾಗೆ ನನ್ನ ಕಡೆ ಬಾಗಿ, ಬರಿದಾದ ಚೊಂಬನ್ನು ಮುಂದೆ ಚಾಚಿದ.

"ಲೋಳೆ ಇನ್ನೊಂದು ಪಾಲು ತಕಂಬಾ ಕೂಸು" ಅಂದ ಮೆಲ್ಲಗೆ. "ಎಲ್ಡು ಪಾಲು ಬೇಕು ಇದಕ್ಕೆ."